ಉಸಿರೂ ಪ್ರಾಣ, ಮನಸ್ಸೂ ಪ್ರಾಣ

ನೀರನ್ನು ಸೋಸಿ ಕುಡಿಯುವ ಸಮಾಜ ನಮ್ಮದು. ಸೂರ್ಯಾಸ್ತವಾದ ಮೇಲೆ ಉಣ್ಣದ, ಚಾತುರ್ಮಾಸದಲ್ಲಿ ಹಸಿರು ಸೊಪ್ಪನ್ನು ವರ್ಜಿಸುವ, ಕಾಲಡಿಯ ಇರುವೆಗೂ ನೋವಾಗಬಾರದೆಂದು ನೋಡಿ ನಡೆಯುವ ಸಮಾಜ. ಇಂತಹ ಸಮಾಜದ ಮನೆಯೊಂದರಲ್ಲಿ ಹದಿನಾರು ವರ್ಷದ ಹೆಣ್ಣುಮಗಳೊಬ್ಬಳು ತನ್ನ ಉಸಿರಿನ ಔಷಧವನ್ನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕದ್ದು ಸೇದಬೇಕಾಗಿದೆಯೆಂದರೆ, ನಾವು ಸೋಸುತ್ತಿರುವುದೇನನ್ನು, ಸೋಸದೆ ಬಿಟ್ಟಿರುವುದೇನನ್ನು ಎಂದು ಒಮ್ಮೆ ಕೇಳಿಕೊಳ್ಳಬೇಕಾಗಿದೆ.

ಹೊನ್ನಾಳಿ ಸೀಮೆಯ ನಾನು ಬಲ್ಲ ಒಂದು ಮನೆಯ ಮಾತಿದು. ಆ ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ವೈದ್ಯರು ದಿನಕ್ಕೆರಡು ಸಲ ಸೇದಲು ಇನ್‌ಹೇಲರ್ ಕೊಟ್ಟಿದ್ದರು. ಅಕ್ಕನಿಗೆ ವರ ನೋಡುವ ಕಾಲ ಬಂದಾಗ, "ಬೀಗರ ಕಡೆಯವರು ಆ ಪಂಪು ಕಂಡರೆ ಸಂಬಂಧ ಕುದುರೀತೇ?" ಎಂದು ಮನೆಯ ಹಿರಿಯರೊಬ್ಬರು ಅದನ್ನು ಬೀರುವಿನೊಳಗಿಟ್ಟರು. ಹುಡುಗಿ ಮೊದಲು ಕದ್ದು ಸೇದಿದಳು, ಆಮೇಲೆ ಬಿಟ್ಟೇಬಿಟ್ಟಳು. ರಾತ್ರಿ ನಿದ್ರೆ ಹೋಯಿತು. ಶಾಲೆ ತಪ್ಪಿತು. ಗೆಳತಿಯರ ಮಾತು ನಿಂತಿತು. ಊಟ ಕಡಿಮೆಯಾಯಿತು. ಮನೆಯವರು "ಮಗಳಿಗೆ ವೈರಾಗ್ಯ ಮೂಡಿದೆ" ಎಂದು ಸಂತೋಷಪಟ್ಟರು! ಒಂದು ರಾತ್ರಿ ತುಟಿ ನೀಲಿಗಟ್ಟಿದಾಗ ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಒಯ್ದರು. ಅವಳು ಉಳಿದಳು. ಮೂರನೆಯ ದಿನ ಅವಳು ತಾಯಿಗೆ ಹೇಳಿದ ಮಾತು ಇದು: "ಉಸಿರು ನಿಂತರೂ ಸರಿ, ಯಾರೂ ನೋಡಬಾರದು ಅನ್ನಿಸುತ್ತಿತ್ತಮ್ಮ."

ಶ್ರಾವಕ ಬಂಧುಗಳೇ, ಈ ಮಾತಿಗೆ ಉತ್ತರ ಕೊಡಬೇಕಾದವರು ವೈದ್ಯರಲ್ಲ, ನಾವು.

ನಮ್ಮ ಆಗಮವು ಸಂಜ್ಞೀ ಪಂಚೇಂದ್ರಿಯ ಜೀವಕ್ಕೆ ಹತ್ತು ಪ್ರಾಣಗಳನ್ನು ಎಣಿಸಿದೆ. ಇಂದ್ರಿಯಗಳು ಐದು, ಮನೋಬಲ, ವಚನಬಲ, ಕಾಯಬಲಗಳು ಮೂರು, ಆಯು ಒಂದು, ಶ್ವಾಸೋಚ್ಛ್ವಾಸ ಒಂದು. ಪ್ರಮಾದದಿಂದ ಈ ಪ್ರಾಣಗಳಿಗೆ ಒದಗಿಸುವ ಘಾತವೇ ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ನಿರ್ಣಯಿಸಿದ್ದಾರೆ. ಗಮನಿಸಿರಿ: ಉಸಿರು ಒಂದು ಪ್ರಾಣ, ಮನಸ್ಸಿನ ಬಲ ಇನ್ನೊಂದು ಪ್ರಾಣ. ಉಬ್ಬಸವಿರುವ ಮಗುವಿನಲ್ಲಿ ಮೊದಲನೆಯದು ರೋಗದಿಂದ ಕುಗ್ಗಿರುತ್ತದೆ. ಎರಡನೆಯದನ್ನು ಕುಗ್ಗಿಸುವವರು ನಾವು; ನಮ್ಮ ನಾಚಿಕೆಯಿಂದ, ನಮ್ಮ ಗೇಲಿಯಿಂದ, ನಮ್ಮ ಉಪೇಕ್ಷೆಯಿಂದ. ಇದನ್ನು ಅಜ್ಞಾನವೆನ್ನಬಹುದು, ಲೋಕರೂಢಿಯೆನ್ನಬಹುದು. ಶಾಸ್ತ್ರದ ಭಾಷೆಯಲ್ಲಿ ಇದರ ಹೆಸರು ಹಿಂಸೆ.

ಇವೆರಡು ಪ್ರಾಣಗಳು ಒಂದರೊಡನೊಂದು ಹೆಣೆದುಕೊಂಡಿರುವುದನ್ನು ಆಧುನಿಕ ವೈದ್ಯವೂ ಕಂಡುಕೊಂಡಿದೆ. ಉಬ್ಬಸವೆಂದರೆ ಶ್ವಾಸನಾಳಗಳ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಗಾಳಿ ಹೊರಹೋಗಲು ದಾರಿ ಕಿರಿದಾಗುವ ಕಾಯಿಲೆ. ದಿಗಿಲು ಹೊಕ್ಕವನ ಉಸಿರು ತಾನಾಗಿ ವೇಗವಾಗುತ್ತದೆ, ಎದೆ ಬಿಗಿಯುತ್ತದೆ. ಉಬ್ಬಸ ಕೆರಳಿದಾಗ ದಿಗಿಲಾಗುತ್ತದೆ. ದಿಗಿಲಾದಾಗ ಉಬ್ಬಸ ಇನ್ನಷ್ಟು ಕೆರಳುತ್ತದೆ. ಯಾವುದು ಯಾವುದೆಂದು ಮಗುವಿಗೇ ತಿಳಿಯದು. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ 11ರಿಂದ 17 ವರ್ಷದ ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಬ್ಬಸವಿದ್ದವರ ಪೈಕಿ ಶೇ. 16.3ರಷ್ಟು ಮಂದಿಗೆ ಆತಂಕ ಇಲ್ಲವೆ ಖಿನ್ನತೆಯ ಕಾಯಿಲೆ ಕಂಡುಬಂದಿತು. ಉಬ್ಬಸವಿಲ್ಲದವರಲ್ಲಿ ಆ ಪ್ರಮಾಣ ಶೇ. 8.6. ಹೆಚ್ಚುಕಡಿಮೆ ಎರಡು ಪಟ್ಟು. ಖಿನ್ನತೆ ಹಿಡಿದ ಮಗು ದಿನದ ಔಷಧವನ್ನು ಮರೆಯುತ್ತದೆ, ಮರೆತಾಗ ಉಬ್ಬಸ ಮರಳುತ್ತದೆ, ಉಬ್ಬಸ ಮರಳಿದಾಗ ಖಿನ್ನತೆ ಬಲಿಯುತ್ತದೆ. ಈ ಚಕ್ರವನ್ನು ಎದೆಯ ಔಷಧವೊಂದರಿಂದಲೇ ಮುರಿಯಲಾಗದು.

ನಮ್ಮ ದೇಶದಲ್ಲಿ ಉಬ್ಬಸಿಗರು ಸುಮಾರು ಮೂರೂವರೆ ಕೋಟಿಯೆಂದು ಅಂದಾಜು. ಜಗತ್ತಿನ ಉಬ್ಬಸಿಗರಲ್ಲಿ ನಮ್ಮ ಪಾಲು ನೂರಕ್ಕೆ ಹದಿಮೂರರಷ್ಟು. ಉಬ್ಬಸದ ಸಾವುಗಳಲ್ಲಿ ನಮ್ಮ ಪಾಲು ನೂರಕ್ಕೆ ನಲವತ್ತಕ್ಕೂ ಮಿಗಿಲು. ಔಷಧವಿಲ್ಲದ ರೋಗ ಇದಾಗಿದ್ದರೆ ಈ ಅಂತರವನ್ನು ಅರ್ಥಮಾಡಿಕೊಳ್ಳಬಹುದಿತ್ತು. ಔಷಧವುಂಟು. ಅದನ್ನು ಸೇದಲು ಬಿಡದ ನಾಚಿಕೆಯೂ ಉಂಟು.

ನಮ್ಮ ಸೀಮೆಗೆ ಬನ್ನಿರಿ. ಚನ್ನಗಿರಿಯಲ್ಲಿ ಅಡಿಕೆ ಸುಲಿದು ಬೇಯಿಸುವ ತಿಂಗಳುಗಳಲ್ಲಿ ಅಂಗಳದಂಗಳದಲ್ಲೂ ಒಲೆಯ ಹೊಗೆ. ಹೊನ್ನಾಳಿಯಲ್ಲಿಯೂ, ಅದರಿಂದ ಬೇರ್ಪಟ್ಟು ತಾಲೂಕಾದ ನ್ಯಾಮತಿಯಲ್ಲಿಯೂ ಭತ್ತದ ಹೊಟ್ಟು, ಮೆಕ್ಕೆಜೋಳದ ಒಕ್ಕಣೆಯ ದೂಳು. ಜಗಳೂರಿನ ಒಣಭೂಮಿಯಲ್ಲಿ ಬೀಸುಗಾಳಿಯ ಕೆಂಪು ಮಣ್ಣು, ಶೇಂಗಾ ಬಿಡಿಸುವ ಕಣದ ಧೂಳಿ. ಎಲ್ಲೆಡೆ ರಸ್ತೆಯಂಚಿನ ಕಾಂಗ್ರೆಸ್ ಕಳೆ. ಇಲ್ಲಿ ಬೆಳೆಯುವ ಮಗುವಿನ ಎದೆಗೆ ಬೇಕಾದದ್ದು ನಿತ್ಯದ ಔಷಧ, ಮನಸ್ಸಿಗೆ ಬೇಕಾದದ್ದು ಧೈರ್ಯದ ಮಾತು. ಮನೆಯಲ್ಲಿ ಎರಡನ್ನೂ ಕೊಡದೆ, ಜೂನ್ ತಿಂಗಳ ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿಗೆ ರೈಲು ಹತ್ತುವ ಕುಟುಂಬಗಳುಂಟು. ಬತ್ತಿನಿ ಮನೆತನದವರು ಅಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದನ್ನು ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿಟ್ಟು ಕೊಡುತ್ತಾರೆಂಬುದೇ ನಮಗೆ ಸಮಾಧಾನ. ಆ ಮದ್ದು ಉಬ್ಬಸವನ್ನು ಗುಣಪಡಿಸುವುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಸಾವಿರಾರು ಜನರ ಸಾಲಿನಲ್ಲಿ ನಿಂತು ಬೆಲ್ಲ ನುಂಗಲು ನಾಚದ ನಾವು, ಮನೆಯ ಪಡಸಾಲೆಯಲ್ಲಿ ಇನ್‌ಹೇಲರ್ ಸೇದಲು ನಾಚುತ್ತೇವೆ!

"ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆ" ಎನ್ನುವವರಿದ್ದಾರೆ. ಆಗದು. ಗುಳಿಗೆಯಾಗಿ ನುಂಗಿದರೆ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಶರೀರಕ್ಕೆ ಹೋಗುವ ಔಷಧ, ಇಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಉಸಿರು ಕಟ್ಟಿದಾಗ ಮಾತ್ರ ತಕ್ಷಣದ ಉಪಶಮನದ ಔಷಧ ಸೇದಿ ಸುಮ್ಮನಾಗುವ ರೂಢಿಯೇ ಅಪಾಯಕರವೆಂದು 2019ರಲ್ಲಿ ಜಾಗತಿಕ ಉಬ್ಬಸ ಮಾರ್ಗಸೂಚಿಯು 12 ವರ್ಷ ಮೀರಿದವರ ವಿಷಯದಲ್ಲಿ ಸ್ಪಷ್ಟಪಡಿಸಿತು. ಊತವನ್ನು ಇಳಿಸುವ ಔಷಧ ಜೊತೆಗಿರಲೇಬೇಕು. ಅದನ್ನು ಬೀರುವಿನಲ್ಲಿಡುವುದೆಂದರೆ ಮಗುವನ್ನು ಆ ಅಪಾಯದ ದಾರಿಗೇ ತಳ್ಳಿದಂತೆ.

ಔಷಧದ ಬಗ್ಗೆ ಎಚ್ಚರವೇ ಬೇಡವೆಂದು ನಾನು ಹೇಳುತ್ತಿಲ್ಲ. ಉಬ್ಬಸಕ್ಕೂ ಮೂಗಿನ ಅಲರ್ಜಿಗೂ ನಮ್ಮಲ್ಲಿ ಹೇರಳವಾಗಿ ಬರೆಯಲಾಗುವ ಮಾಂಟೆಲುಕಾಸ್ಟ್ ಎಂಬ ಗುಳಿಗೆಯಿಂದ ಕೆಲವರಲ್ಲಿ ದುಃಸ್ವಪ್ನ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಆಲೋಚನೆ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರ ಮಾರ್ಚ್‌ನಲ್ಲಿ ತನ್ನ ಅತ್ಯಂತ ಕಠಿಣ ಸ್ವರೂಪದ ಎಚ್ಚರಿಕೆಯನ್ನು ನೀಡಿತು. ಎಲ್ಲರಿಗೂ ಹಾಗಾಗುವುದಿಲ್ಲ, ತಾವಾಗಿಯೇ ಗುಳಿಗೆ ನಿಲ್ಲಿಸುವುದೂ ಸಲ್ಲದು. ಆದರೆ ಈ ಗುಳಿಗೆ ಆರಂಭವಾದ ಮೇಲೆ ಮಗುವಿನ ಸ್ವಭಾವ ಬದಲಾಯಿತೇ ಎಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸುವುದು ತಂದೆತಾಯಿಗಳ ಕರ್ತವ್ಯ. ಮಗುವಿನ ಮನಸ್ಸಿನ ಮಾತೇ ನಿಷಿದ್ಧವಾದ ಮನೆಯಲ್ಲಿ ಇದನ್ನು ಗಮನಿಸುವವರು ಯಾರು?

ಆಹಾರದ ಅಲರ್ಜಿಯ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ತಪ್ಪು ಎರಡು ಬಗೆಯದು. ಮೊದಲನೆಯದು, ಇದ್ದದ್ದನ್ನು ಇಲ್ಲವೆನ್ನುವುದು. ಬಸದಿಯ ಸಾಮೂಹಿಕ ಭೋಜನದಲ್ಲಿ ಶೇಂಗಾ ಒಗ್ಗದ ಹುಡುಗ ಚಟ್ನಿ ಬೇಡವೆಂದಾಗ, "ನಮ್ಮ ಕಾಲದಲ್ಲಿ ಇಂಥ ನಖರಾ ಇರಲಿಲ್ಲ, ಒಂದು ತುತ್ತು ತಿಂದರೆ ಏನಾಗುತ್ತದೆ?" ಎನ್ನುವ ಹಿರಿಯರನ್ನು ಯಾರು ನೋಡಿಲ್ಲ? ನಿಜವಾದ ಅಲರ್ಜಿಯಿರುವವನಿಗೆ ಒಂದು ತುತ್ತಿನಿಂದ ಮೈ ದದ್ದೇಳಬಹುದು, ಗಂಟಲು ಊದಬಹುದು, ಉಸಿರು ಕಟ್ಟಿ ರಕ್ತದೊತ್ತಡ ಕುಸಿಯಬಹುದು. ಆಗ ಮೊದಲು ಸಲ್ಲಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ತಡಮಾಡುವ ಒಂದೊಂದು ನಿಮಿಷವೂ ಅಪಾಯ. ತಟ್ಟೆಯ ಮುಂದೆ ಕುಳಿತಾಗಲೆಲ್ಲ ಈ ಭಯವನ್ನು ಹೊತ್ತ ಮಗು ಮದುವೆ, ಮುಂಜಿ, ಉತ್ಸವಗಳಿಂದ ಮೆಲ್ಲನೆ ಹಿಂದೆ ಸರಿಯುತ್ತದೆ. ನಾವು ಅದನ್ನು "ಮುಂಗೋಪಿ", "ಒಂಟಿಬಡಕ" ಎನ್ನುತ್ತೇವೆ.

ಎರಡನೆಯ ತಪ್ಪು, ಇಲ್ಲದ್ದನ್ನು ಇದೆಯೆನ್ನುವುದು. ರಕ್ತಪರೀಕ್ಷೆಯ ಉದ್ದನೆಯ ಪಟ್ಟಿ ಹಿಡಿದು ಹಾಲು, ಗೋಧಿ, ಕಡಲೆ, ಎಳ್ಳು, ಗೋಡಂಬಿ ಎಲ್ಲವನ್ನೂ ಮಗುವಿನ ತಟ್ಟೆಯಿಂದ ತೆಗೆಯುವ ಕುಟುಂಬಗಳಿವೆ. ನಮ್ಮದೇ ಬೆಂಗಳೂರು, ಮೈಸೂರುಗಳಲ್ಲಿ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯೆ ಕಂಡವರು ಶೇ. 26.5, ನಿಜಕ್ಕೂ ಆಹಾರದ ಅಲರ್ಜಿಯಿರಬಹುದಾದವರು ಶೇ. 1.2 ಮಾತ್ರ. ಮೊದಲೇ ಗಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿಗಳನ್ನು ಬಿಟ್ಟ ನಮ್ಮ ಮಕ್ಕಳ ಊಟದಿಂದ ವೈದ್ಯರ ನಿರ್ಣಯವಿಲ್ಲದೆ ಇನ್ನೂ ಐದನ್ನು ತೆಗೆದರೆ ಅವರಿಗೆ ಉಳಿಯುವುದು ಕ್ಷೀಣ ಶರೀರ, ಅನ್ನದ ಮೇಲಿನ ಭಯ. ಅನಗತ್ಯ ಭಯವನ್ನು ಬಿತ್ತುವುದೂ ಅಭಯದಾನಕ್ಕೆ ವಿರುದ್ಧವಾದ ನಡತೆಯೇ.

ಈಗ ಧರ್ಮದ ಹೆಸರಿನಲ್ಲಿ ಬರುವ ಆಕ್ಷೇಪಗಳನ್ನು ನೋಡೋಣ.

"ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಲೇಬೇಕು" ಎಂದು ರೋಗಿ ಮಗುವಿನ ಎದುರಿಗೇ ಹೇಳುವವರಿದ್ದಾರೆ. ಕರ್ಮಸಿದ್ಧಾಂತವು ತನ್ನನ್ನು ತಾನು ತಿದ್ದಿಕೊಳ್ಳಲು ಕೊಟ್ಟ ಕನ್ನಡಿ. ಪರರ ಮಕ್ಕಳ ಬೆನ್ನಿಗೆ ಬೀಸಲು ಕೊಟ್ಟ ಬೆತ್ತವಲ್ಲ. ಪರರಿಗೆ ದುಃಖವನ್ನೂ ಶೋಕವನ್ನೂ ಉಂಟುಮಾಡುವುದು ಅದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂಬುದನ್ನು ತತ್ತ್ವಾರ್ಥಸೂತ್ರ ಓದಿದವರು ಬಲ್ಲರು. ಹಾಗಿದ್ದ ಮೇಲೆ ಮಗುವಿಗೆ ಈ ಮಾತನ್ನು ಹೇಳಿ ಅಳಿಸಿದವನು ಮಗುವಿನ ಹಳೆಯ ಕರ್ಮವನ್ನು ವಿವರಿಸಿದ್ದಲ್ಲ, ತನ್ನ ಹೊಸ ಕರ್ಮವನ್ನು ಕಟ್ಟಿಕೊಂಡದ್ದು. ರೋಗವನ್ನು ಸುಮ್ಮನೆ ಅನುಭವಿಸುವುದೇ ಧರ್ಮವಾಗಿದ್ದರೆ, ಕನ್ನಡ ನಾಡಿನ ನಮ್ಮ ಪೂರ್ವಿಕರು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶಾಸನಗಳಲ್ಲಿ ಕೊರೆಯಿಸಿ ಕೊಂಡಾಡುತ್ತಿದ್ದರೇ?

"ಪರ್ವಕಾಲದಲ್ಲಿ ಉಪವಾಸ ಮಾಡದಿದ್ದರೆ ಹೇಗೆ? ರಾತ್ರಿ ಔಷಧ ತೆಗೆದುಕೊಂಡರೆ ವ್ರತಭಂಗವಲ್ಲವೇ?" ಎಂಬುದು ಇನ್ನೊಂದು ಪ್ರಶ್ನೆ. ದಶಲಕ್ಷಣ ಪರ್ವದ ದಿನಗಳಲ್ಲಿ ಉಬ್ಬಸದ ಮಕ್ಕಳು ಔಷಧ ಬಿಟ್ಟು ಉಪವಾಸ ನಿಲ್ಲುವುದನ್ನು ಕಂಡು ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಉಸಿರಿನೊಡನೆ ಒಳಹೋಗುವ ಔಷಧ ಆಹಾರವಲ್ಲ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿಯೇ ತ್ಯಾಗವೂ ತಪಸ್ಸೂ ಶಕ್ತಿಗೆ ತಕ್ಕಂತಿರಬೇಕೆಂಬ ನಿಯಮವಿದೆ. ಶಕ್ತಿ ಮೀರಿದ ತಪಸ್ಸಿಗೆ ಮಗುವನ್ನು ಹೊಗಳಿಕೆಯಿಂದ ತಳ್ಳುವವರು ಆ ನಿಯಮವನ್ನು ಉಲ್ಲಂಘಿಸುತ್ತಾರೆ.

ವೈರಾಗ್ಯದ ಮಾತನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ವೈರಾಗ್ಯ ಬಂದವನಲ್ಲಿ ಶಾಂತಿಯಿರುತ್ತದೆ, ಜೀವಗಳ ಮೇಲೆ ಅನುಕಂಪೆಯಿರುತ್ತದೆ, ಸ್ವಾಧ್ಯಾಯದಲ್ಲಿ ಉತ್ಸಾಹವಿರುತ್ತದೆ. ಖಿನ್ನತೆ ಬಂದವನಲ್ಲಿ ನಿದ್ರೆ ಕೆಡುತ್ತದೆ, ಹಸಿವು ಸಾಯುತ್ತದೆ, ಪ್ರಿಯವಾದ ಯಾವುದರಲ್ಲೂ ರುಚಿಯಿರುವುದಿಲ್ಲ, ತಾನು ಯಾರಿಗೂ ಬೇಡವೆಂಬ ಭಾವ ಬೇರೂರುತ್ತದೆ. ಶಾಸ್ತ್ರವು ಇದನ್ನು ವೈರಾಗ್ಯವೆಂದು ಕರೆಯಲಿಲ್ಲ. ವೇದನೆಯಲ್ಲಿ ಮುಳುಗಿದ ಮನಸ್ಸಿನ ಸ್ಥಿತಿಯನ್ನು ಆರ್ತಧ್ಯಾನವೆಂದು ಕರೆಯಿತು. ಆರ್ತನಿಗೆ ಬೇಕಾದದ್ದು ಚಿಕಿತ್ಸೆ, ಜಯಕಾರವಲ್ಲ.

"ಮನೋವೈದ್ಯರ ಬಳಿ ಹೋದರೆ ಹುಚ್ಚರೆನ್ನುತ್ತಾರೆ" ಎಂಬ ಭಯ ಕೊನೆಯದು. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಮೂರನೆಯದು: ರೋಗಿಯನ್ನು ಕಂಡು ಹೇಸದಿರುವುದು. ಉದ್ದಾಯನ ರಾಜನ ಕಥೆಯನ್ನು ಮಕ್ಕಳಿಗೆ ಹೇಳುವ ನಾವು, ನಮ್ಮ ಮಕ್ಕಳ ಮನಸ್ಸಿನ ರೋಗಕ್ಕೆ ಹೇಸುವುದಾದರೆ ಆ ಕಥೆ ಯಾವ ಪುರುಷಾರ್ಥಕ್ಕೆ? ಸರ್ಕಾರದ ಕಾನೂನೇ ಈಗ ನಮಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರಲ್ಲಿ ಜಾರಿಗೆ ಬಂದು, ಮನಸ್ಸಿನ ಚಿಕಿತ್ಸೆಯನ್ನು ದೇಹದ ಚಿಕಿತ್ಸೆಯೊಡನೆ ಸಮಾನವಾಗಿ ಕಾಣಬೇಕೆಂದು ವಿಧಿಸಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಭಾವಿಸಿ ಆರೈಕೆ ಮಾಡಬೇಕೆಂದಿತು.

ಇದೇನೂ ದೂರದ ಪಟ್ಟಣದ ಮಾತಲ್ಲ. ಜಗಳೂರಿನ ನೆರೆಯದಾಗಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ತರಬೇತುಗೊಳಿಸಿ ಹಳ್ಳಿಗಳಲ್ಲಿ ಮನೋಚಿಕಿತ್ಸೆ ಆರಂಭಿಸಿತು. "ಬಳ್ಳಾರಿ ಮಾದರಿ"ಯೆಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಕರ್ನಾಟಕ ಸರ್ಕಾರವು 2014ರಲ್ಲಿ "ಮನೋಚೈತನ್ಯ" ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ ಯೋಜನೆ ರೂಪಿಸಿತು. 2016ರಲ್ಲಿ ಚಿತ್ರನಟಿ ದೀಪಿಕಾ ಪಡುಕೋಣೆಯವರು ಸ್ಥಾಪಿಸಿದ ಲಿವ್ ಲವ್ ಲಾಫ್ ಸಂಸ್ಥೆಯು ಎ.ಪಿ.ಡಿ. ಸಂಸ್ಥೆಯೊಡಗೂಡಿ ತನ್ನ ಗ್ರಾಮೀಣ ಕಾರ್ಯವನ್ನು ಆರಂಭಿಸಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿಯೇ. ತಾನು ಖಿನ್ನತೆಯಿಂದ ಬಳಲಿದೆನೆಂದು ನಾಡಿನೆದುರು ಹೇಳಲು ಆ ಹೆಣ್ಣುಮಗಳು ನಾಚಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ, ಶುಲ್ಕವಿಲ್ಲ. ಬಾಗಿಲುಗಳು ತೆರೆದಿವೆ. ಹೊಸ್ತಿಲಲ್ಲಿ ಅಡ್ಡ ನಿಂತವರು ನಾವೇ.

ಈಗ ಬಸದಿಗಳ ಟ್ರಸ್ಟಿಗಳಿಗೆ ನನ್ನ ನೇರವಾದ ಮಾತು. ಪಂಚಕಲ್ಯಾಣಕ್ಕೆ, ಶಿಖರಕ್ಕೆ, ಅಮೃತಶಿಲೆಗೆ ಹಣ ಸೇರಿಸಬಲ್ಲ ನಾವು ಭೈಷಜ್ಯದಾನಕ್ಕೆ ಎಷ್ಟನ್ನು ಎತ್ತಿಟ್ಟಿದ್ದೇವೆ? "ದೇವರ ಹಣವನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ" ಎಂಬ ಉತ್ತರ ನನಗೆ ಗೊತ್ತು. ದೇವದ್ರವ್ಯವನ್ನು ಮುಟ್ಟಬೇಡಿರಿ, ಔಷಧದಾನಕ್ಕೆಂದು ಪ್ರತ್ಯೇಕ ಹುಂಡಿಯಿಡಿರಿ. ಅದರಿಂದ ಬಡ ಸಾಧರ್ಮಿ ಮನೆಗಳ ಮಕ್ಕಳಿಗೆ ಇನ್‌ಹೇಲರ್ ಕೊಳ್ಳಲು, ದಾವಣಗೆರೆ ಶಿವಮೊಗ್ಗಗಳ ಮನೋವೈದ್ಯರ ಬಳಿ ಹೋಗಿಬರಲು ನೆರವಾಗಲಿ. ಹಣವೇ ಬೇಡದ ಕೆಲಸಗಳೂ ಇವೆ. ಗರ್ಭಗುಡಿಯ ಮುಂದಿನ ಇಕ್ಕಟ್ಟಾದ ಮಂಟಪದಲ್ಲಿ ಧೂಪದ ಹೊಗೆ ತುಂಬುವುದನ್ನು ಮಿತಗೊಳಿಸಿರಿ. ಭಾವಪೂಜೆಗೆ ಹೊಗೆ ಬೇಕಿಲ್ಲ. ಮಹಾವೀರ ನಿರ್ವಾಣದ ದೀಪಾವಳಿಯಂದು ಪಟಾಕಿಯನ್ನು ಬಸದಿಯ ಆವರಣದಿಂದ ದೂರವಿಡಿರಿ. ಪ್ಯಾಕೆಟ್ಟಿನ ತಿನಿಸಿನ ಮೇಲೆ ಅಲರ್ಜಿಕಾರಕ ಪದಾರ್ಥಗಳನ್ನು ನಮೂದಿಸಬೇಕೆಂದು 2020ರ ನಿಯಮಾವಳಿ ವ್ಯಾಪಾರಿಗಳಿಗೆ ವಿಧಿಸಿದೆ. ಅದನ್ನೇ ಸಾಮೂಹಿಕ ಭೋಜನದಲ್ಲಿಯೂ, ಪ್ರಭಾವನೆಯ ಸಿಹಿಯಲ್ಲಿಯೂ ಪಾಲಿಸಿರಿ. ಯಾವುದರಲ್ಲಿ ಶೇಂಗಾ ಇದೆ, ಯಾವುದರಲ್ಲಿ ಎಳ್ಳು, ಗೋಡಂಬಿ ಇದೆಯೆಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಎಷ್ಟು ಹೊತ್ತು ಬೇಕು? ಪರ್ವದ ಆರಂಭದಲ್ಲಿಯೇ, ರೋಗವಿರುವ ಮಕ್ಕಳು ಉಪವಾಸ ಮಾಡಬೇಕಾಗಿಲ್ಲ, ಔಷಧ ಬಿಡಕೂಡದು ಎಂದು ವೇದಿಕೆಯಿಂದ ಸಾರಿರಿ. ಹೊಂಬುಜಕ್ಕೆ ಯಾತ್ರೆ ಹೊರಡಿಸುವಾಗ ಅಲರ್ಜಿಯಿರುವ ಮಕ್ಕಳ ಪಟ್ಟಿಯೂ, ದಾರಿಯ ಆಸ್ಪತ್ರೆಗಳ ವಿಳಾಸವೂ ಜೊತೆಗಿರಲಿ.

ತಂದೆತಾಯಿಗಳಿಗೆ ಹೇಳುವುದು ಇಷ್ಟೇ. ಇನ್‌ಹೇಲರನ್ನು ಬೀರುವಿನಿಂದ ಹೊರತೆಗೆದು ಎಲ್ಲರಿಗೂ ಕಾಣುವ ಗೂಡಿನಲ್ಲಿಡಿರಿ. ಮಗುವನ್ನು "ಉಸಿರು ಹೇಗಿದೆ?" ಎಂದು ಕೇಳುವಾಗಲೇ "ಮನಸ್ಸು ಹೇಗಿದೆ?" ಎಂದೂ ಕೇಳಿರಿ. ಸಾಯುವ ಮಾತು ಅದರ ಬಾಯಿಂದ ಬಂದರೆ ಗದರಬೇಡಿರಿ, ಒಂಟಿಯಾಗಿ ಬಿಡಬೇಡಿರಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಂಬಂಧ ಬೆಳೆಸುವಾಗ ರೋಗವನ್ನು ಮುಚ್ಚಿಡುವುದು ಸತ್ಯಾಣುವ್ರತದ ಭಂಗ. ತಿಳಿದ ಮೇಲೆ ಆ ಕಾರಣಕ್ಕೇ ತಿರಸ್ಕರಿಸುವುದು ವಾತ್ಸಲ್ಯದ ಭಂಗ. ಎರಡೂ ಕಡೆಯವರೂ ನಮ್ಮವರೇ ಆಗಿರುವಲ್ಲಿ ಈ ಭಯದ ವ್ಯಾಪಾರವನ್ನು ನಿಲ್ಲಿಸುವುದೂ ನಮ್ಮ ಕೈಯಲ್ಲಿಯೇ ಇದೆ.

ಆ ಹೊನ್ನಾಳಿ ಸೀಮೆಯ ಹುಡುಗಿಯ ಅಕ್ಕನ ಮದುವೆ ಮುಂದೆ ನಡೆಯಿತು. ತಂಗಿಗೆ ಉಬ್ಬಸವಿದೆಯೆಂದು ತಂದೆಯೇ ಮೊದಲು ಬಾಯಿಬಿಟ್ಟು ಹೇಳಿದರಂತೆ. "ನಮ್ಮ ಮನೆಯಲ್ಲಿಯೂ ಒಬ್ಬರಿಗಿದೆ" ಎಂದರಂತೆ ಬೀಗರು. ಇಷ್ಟು ದಿನ ಎರಡು ಮನೆಗಳೂ ಒಂದನ್ನೊಂದು ಹೆದರಿಸುತ್ತ ಕುಳಿತಿದ್ದುವು. ನಡುವೆ ಒಂದು ಮಗು ಉಸಿರುಗಟ್ಟುತ್ತಿತ್ತು.

ನೀರನ್ನು ಸೋಸೋಣ, ಸೋಸುತ್ತಲೇ ಇರೋಣ. ಆ ಬಟ್ಟೆಯನ್ನು ಹಿಡಿದ ಕೈಯಿಂದಲೇ ನಮ್ಮ ಮಾತನ್ನೂ ಸೋಸೋಣ. ಬಟ್ಟೆಯ ಮೇಲೆ ಉಳಿಯುವ ಕಸವೇನೆಂದು ಕಾಣುವ ಧೈರ್ಯ ನಮಗೆ ಬರಲಿ.